ಕಪೋನ್‌ನನ್ನು ಹಿಡಿದದ್ದು ಬಾಗಿಲು ಒಡೆದವರೋ, ಲೆಕ್ಕ ಓದಿದವರೋ?

ಪ್ರಶ್ನೆ: ನಾನು ಧಾರವಾಡದವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ಮೆಚ್ಚಿದ ಇಂಗ್ಲಿಷ್ ಪುಸ್ತಕಗಳನ್ನು ಕನ್ನಡಕ್ಕೆ ತರುವುದು ನನ್ನ ಹವ್ಯಾಸ. ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ ಷಿಕಾಗೊದ ಅಲ್ ಕಪೋನ್ ಗುಂಪನ್ನು ಎದುರಿಸಿದ ಅಧಿಕಾರಿ ಎಲಿಯಟ್ ನೆಸ್ ಅವರ ಆತ್ಮಕಥನ ‘ದಿ ಅನ್‌ಟಚಬಲ್ಸ್’ ಓದಿ, ಕೆಲವು ಅಧ್ಯಾಯಗಳನ್ನು ಅನುವಾದಿಸಿದೆ. ಕಾನೂನು ಓದುತ್ತಿರುವ ಮೊಮ್ಮಗಳು ಅದನ್ನು ನೋಡಿ, “ಅಜ್ಜಾ, ಇದೆಲ್ಲ ಕಟ್ಟುಕತೆ. ಕಪೋನ್‌ನನ್ನು ಜೈಲಿಗೆ ಕಳಿಸಿದ್ದು ತೆರಿಗೆ ಇಲಾಖೆ. ಈ ಪುಸ್ತಕ ಬರೆದದ್ದೂ ನೆಸ್ ಅಲ್ಲ, ಒಬ್ಬ ಪತ್ರಕರ್ತ. ಆ ಮನುಷ್ಯ ಕೊನೆಗೆ ತಾನೇ ಕುಡುಕನಾಗಿದ್ದನಂತೆ” ಎಂದಳು. ಅಂದಿನಿಂದ ಕೈ ನಿಂತಿದೆ. ಸುಳ್ಳನ್ನು ಶ್ರಮಪಟ್ಟು ಕನ್ನಡಕ್ಕೆ ತಂದಂತಾಗುತ್ತದೆಯೇ? ಮುಂದುವರಿಸಲೇ, ಬಿಡಲೇ?

ಉತ್ತರ: ನಾನು ಆದಾಯ ತೆರಿಗೆ ಇಲಾಖೆಯ ತನಿಖಾ ವಿಭಾಗದಲ್ಲಿ ದುಡಿದವನು. ಹಾಗಾಗಿ ನಿಮ್ಮ ಮೊಮ್ಮಗಳ ಪಕ್ಷ ವಹಿಸುವುದು ನನ್ನ ಕುಲಧರ್ಮ. ಆದರೂ ಅವಳ ನಾಲ್ಕು ಮಾತುಗಳಲ್ಲಿ ತೆರಿಗೆ ಇಲಾಖೆಯದೊಂದು ಪೂರ್ತಿ ಸರಿ, ಪತ್ರಕರ್ತನದು ಮುಕ್ಕಾಲು ಪಾಲು ಸರಿ, ಕುಡಿತದ್ದು ನಿಜವಾದರೂ ಈ ವಿಚಾರಣೆಗೆ ಸಂಬಂಧಪಡದ್ದು. “ಇದೆಲ್ಲ ಕಟ್ಟುಕತೆ” ಎಂಬ ತೀರ್ಪು ಮಾತ್ರ ತಪ್ಪು. ನಿಮ್ಮ ಆತಂಕದ ಮೂಲ ಇರುವುದು ಆ ತೀರ್ಪಿನಲ್ಲಿಯೇ.

ಗೊಂದಲಕ್ಕೆ ಮುಖ್ಯ ಕಾರಣ ಇದು. ಕಪೋನ್ ವಿರುದ್ಧ ಕೇಂದ್ರ ಸರ್ಕಾರ ಹೂಡಿದ್ದು ಎರಡು ಬೇರೆ ಬೇರೆ ಬಗೆಯ ಮೊಕದ್ದಮೆಗಳನ್ನು. 1931ರ ಜೂನ್ 5ರಂದು ತೆರಿಗೆ ವಂಚನೆಯ ದೋಷಾರೋಪ ಬಂತು. 1925ರಿಂದ 1929ರವರೆಗಿನ ಆದಾಯಕ್ಕೆ ಸಂಬಂಧಿಸಿದ 22 ಆರೋಪಗಳು ಅದರಲ್ಲಿದ್ದವು. 1924ರ ಆದಾಯದ ಬಗ್ಗೆ ಒಂದು ಆರೋಪ ಮಾರ್ಚ್‌ನಲ್ಲಿಯೇ ದಾಖಲಾಗಿತ್ತು. ಒಂದು ವಾರದ ನಂತರ, ಜೂನ್ 12ರಂದು, ಪಾನನಿಷೇಧ ಕಾಯ್ದೆಯನ್ನು ಮುರಿಯಲು ಒಳಸಂಚು ಮಾಡಿದ ಆರೋಪ ಬಂತು. ಅದರಲ್ಲಿ ಕಪೋನ್ ಜೊತೆಗೆ 68 ಮಂದಿಯ ಹೆಸರಿತ್ತು, ಪಟ್ಟಿ ಮಾಡಿದ ಅಪರಾಧಗಳು ಸುಮಾರು 5,000. ಮೊದಲನೆಯದು ತೆರಿಗೆ ಇಲಾಖೆಯ ಗುಪ್ತಚರ ವಿಭಾಗದ ಕೆಲಸ. ಎರಡನೆಯದರ ಬೆನ್ನೆಲುಬು ನೆಸ್ ತಂಡ ಕಲೆಹಾಕಿದ ಸಾಕ್ಷ್ಯ. ವಿಚಾರಣೆ ನಡೆದದ್ದು ತೆರಿಗೆಯದು ಮಾತ್ರ. ನೆಸ್ ಅವರ ಮೊಕದ್ದಮೆ ಕಟಕಟೆಯನ್ನು ಹತ್ತಲೇ ಇಲ್ಲ. ಒಂದು ಗೆದ್ದಿದ್ದರಿಂದ ಇನ್ನೊಂದರ ಅಗತ್ಯ ಸರ್ಕಾರಕ್ಕೆ ಕಾಣಲಿಲ್ಲ. ಸಿದ್ಧವಾಗಿದ್ದ ಮೊಕದ್ದಮೆಯೊಂದು ಕಡತದಲ್ಲಿಯೇ ಉಳಿದಾಗ ಆ ಅಧಿಕಾರಿಗೆ ಹೇಗಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷಗಳ ನಂತರ ನೆಸ್ ಆ ಕತೆಯನ್ನು ಹೇಳಲು ಕುಳಿತಾಗ ದನಿ ಸ್ವಲ್ಪ ಏರಿದ್ದರೆ ನಾನು ಅಚ್ಚರಿಪಡುವುದಿಲ್ಲ.

ತೆರಿಗೆಯವರ ಕೆಲಸವನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಕಳ್ಳ ವ್ಯಾಪಾರದ ಆದಾಯಕ್ಕೆ ತೆರಿಗೆ ಕಟ್ಟಬೇಕೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1927ರಲ್ಲಿ ಇತ್ಯರ್ಥವಾಯಿತು. ಮದ್ಯ ಮಾರುತ್ತಿದ್ದ ಸಲಿವನ್ ಎಂಬಾತ, ಆದಾಯ ತೋರಿಸಿದರೆ ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಿದಂತಾಗುತ್ತದೆ, ಸಂವಿಧಾನ ನನಗೆ ರಕ್ಷಣೆ ಕೊಟ್ಟಿದೆ ಎಂದು ವಾದಿಸಿದ್ದ. ಉತ್ತರಿಸಲಾಗದ ಪ್ರಶ್ನೆಯಿದ್ದರೆ ಆದಾಯದ ವಿವರಪಟ್ಟಿಯಲ್ಲಿಯೇ ಆಕ್ಷೇಪ ಎತ್ತಬಹುದಿತ್ತು, ಪಟ್ಟಿಯನ್ನೇ ಸಲ್ಲಿಸದಿರುವ ಹಕ್ಕಿಲ್ಲ ಎಂದರು ನ್ಯಾಯಮೂರ್ತಿ ಹೋಮ್ಸ್. ಹಾಗಾದರೆ ಕೊಟ್ಟ ಲಂಚವನ್ನು ಖರ್ಚೆಂದು ಕಳೆಯಬಹುದೇ ಎಂಬ ಮಾತೂ ಬಂದಿತ್ತು. ಅಷ್ಟು ಧೈರ್ಯದಿಂದ ಯಾರಾದರೂ ಕೇಳಿಕೊಂಡು ಬಂದಾಗ ನೋಡೋಣ ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. (ನಮ್ಮಲ್ಲಿ ಅಂತಹ ಧೈರ್ಯವಂತರು ಬಂದದ್ದುಂಟು. ಕಳ್ಳಸಾಗಣೆಯಲ್ಲಿ ಮುಟ್ಟುಗೋಲಾದ ನೋಟುಗಳನ್ನು ವ್ಯಾಪಾರದ ನಷ್ಟವೆಂದು ಕಳೆಯಬೇಕೆಂದು ಒಬ್ಬಾತ ಕೇಳಿದ. 1980ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಆ ತೀರ್ಪು ಓದಿದಾಗಲೆಲ್ಲ ನನಗೆ ಹೋಮ್ಸ್ ನೆನಪಾಗುತ್ತಾರೆ.)

ಸಲಿವನ್ ತೀರ್ಪಿನ ಬಲದ ಮೇಲೆ ಎಲ್ಮರ್ ಐರಿ ಎಂಬ ಮುಖ್ಯಸ್ಥರ ಕೆಳಗೆ ಫ್ರ್ಯಾಂಕ್ ವಿಲ್ಸನ್ ಎಂಬ ಅಧಿಕಾರಿ ಕಪೋನ್ ಬೆನ್ನು ಹತ್ತಿದರು. ಕಷ್ಟವೇನೆಂದರೆ ಕಪೋನ್ ಹೆಸರಿನಲ್ಲಿ ಬ್ಯಾಂಕ್ ಖಾತೆಯಿರಲಿಲ್ಲ, ವ್ಯವಹಾರವೆಲ್ಲ ನಗದಿನಲ್ಲಿ, ಆಸ್ತಿಯೆಲ್ಲ ಬೇರೆಯವರ ಹೆಸರಿನಲ್ಲಿ. ಕೊನೆಗೆ ಕೈಗೆ ಸಿಕ್ಕಿದ್ದು ಒಂದು ಹಳೆಯ ಖಾತೆ ಪುಸ್ತಕ. 1926ರ ಏಪ್ರಿಲ್‌ನಲ್ಲಿ ಮೆಕ್‌ಸ್ವಿಗಿನ್ ಎಂಬ ಯುವ ಸರ್ಕಾರಿ ವಕೀಲರು ಷಿಕಾಗೊ ಪಕ್ಕದ ಸಿಸೆರೊ ಪಟ್ಟಣದಲ್ಲಿ ಗುಂಡಿಗೆ ಬಲಿಯಾದರು. ಆ ಸಿಟ್ಟಿನಲ್ಲಿ ಕಪೋನ್‌ನ ಜೂಜು ಅಡ್ಡೆಗಳ ಮೇಲೆ ದಾಳಿಗಳು ನಡೆದವು. ಆಗ ಹೊತ್ತು ತಂದ ಕಾಗದಪತ್ರಗಳ ನಡುವೆ ಆ ಪುಸ್ತಕ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಅದರಲ್ಲಿದ್ದ ಬರಹ ಯಾರದೆಂದು ಹುಡುಕುತ್ತಾ ಹೋದ ವಿಲ್ಸನ್‌ಗೆ ಲೆಸ್ಲಿ ಶಮ್‌ವೇ ಎಂಬ ಗುಮಾಸ್ತ ಫ್ಲಾರಿಡಾದಲ್ಲಿ ಸಿಕ್ಕಿದ. ಫ್ರೆಡ್ ರೀಸ್ ಎಂಬ ಇನ್ನೊಬ್ಬ, ಜೂಜಿನ ಲಾಭವನ್ನು ಬ್ಯಾಂಕ್ ಚೆಕ್‌ಗಳಾಗಿ ಬದಲಾಯಿಸುತ್ತಿದ್ದವನು, ಅವನೂ ಬಾಯಿ ಬಿಟ್ಟ. ಇವೆಲ್ಲಕ್ಕಿಂತ ಹೆಚ್ಚಾಗಿ ಕಪೋನ್‌ನ ತೆರಿಗೆ ವಕೀಲ ಮ್ಯಾಟಿಂಗ್ಲಿ, ರಾಜಿಯಾಗುವ ಆಸೆಯಿಂದ 1930ರಲ್ಲಿ ಇಲಾಖೆಗೆ ಪತ್ರ ಬರೆದು, ತನ್ನ ಕಕ್ಷಿದಾರನಿಗೆ ಯಾವ ವರ್ಷ ಎಷ್ಟು ಆದಾಯವಿದ್ದಿರಬಹುದು ಎಂದು ತಾನೇ ಒಪ್ಪಿಕೊಂಡಿದ್ದ. ಸೇವೆಯಲ್ಲಿದ್ದಾಗ ಇಂಥ ಒಂದು ಪತ್ರ ನನ್ನ ಮೇಜಿಗೆ ಬಂದಿದ್ದರೆ ನಾನು ಆ ವಕೀಲರಿಗೆ ಪ್ರತಿ ದೀಪಾವಳಿಗೂ ಸಿಹಿ ಕಳಿಸುತ್ತಿದ್ದೆ.

ಉಳಿದದ್ದು ಖರ್ಚಿನ ಲೆಕ್ಕ. ದರ್ಜಿಗಳು, ಒಡವೆ ವ್ಯಾಪಾರಿಗಳು, ಫ್ಲಾರಿಡಾದ ಮನೆಗೆ ಸಾಮಾನು ಒದಗಿಸಿದವರು ಒಬ್ಬೊಬ್ಬರಾಗಿ ಬಂದು, ಕಪೋನ್ ಎಷ್ಟು ನಗದು ಎಣಿಸಿಕೊಟ್ಟ ಎಂದು ಹೇಳಿದರು. ಆದಾಯವೇ ಇಲ್ಲದವನು ಇಷ್ಟು ಖರ್ಚು ಮಾಡುವುದು ಹೇಗೆ ಎಂಬುದು ಪ್ರಶ್ನೆ. ಮುದ್ರೆ ಬಿದ್ದ ದಾಖಲೆ ಸಿಗದಾಗ ನಾವೂ ಇದೇ ದಾರಿ ಹಿಡಿಯುತ್ತೇವೆ. ಮದುವೆ ಛತ್ರದ ಬಿಲ್ಲು, ಚಿನ್ನದಂಗಡಿಯ ಚೀಟಿ, ಊಟದ ಗುತ್ತಿಗೆದಾರನ ಕಚ್ಚಾ ಪುಸ್ತಕ. ತಪ್ಪೊಪ್ಪಿಕೊಂಡರೆ ಕಡಿಮೆ ಶಿಕ್ಷೆ ಎಂಬ ಒಪ್ಪಂದವನ್ನು ನ್ಯಾಯಾಧೀಶ ವಿಲ್ಕರ್ಸನ್ ಒಪ್ಪಲಿಲ್ಲ. ಜೂರಿಗೆ ಲಂಚ ತಲುಪಿರಬಹುದೆಂಬ ಸುಳಿವು ಬಂದಾಗ ಇನ್ನೊಂದು ನ್ಯಾಯಾಲಯದ ಜೂರಿ ಪಟ್ಟಿಯೊಂದಿಗೆ ಅದಲುಬದಲು ಮಾಡಿದರು. 1931ರ ಅಕ್ಟೋಬರ್ 17ರಂದು ಐದು ಆರೋಪಗಳು ಮಾತ್ರ ಸಾಬೀತಾದವು: 1925, 26, 27ರ ವಂಚನೆ, 1928 ಮತ್ತು 29ರಲ್ಲಿ ವಿವರಪಟ್ಟಿ ಸಲ್ಲಿಸದಿರುವುದು. ಶಿಕ್ಷೆ 11 ವರ್ಷ ಸೆರೆ, 50,000 ಡಾಲರ್ ದಂಡ.

ಹೀಗಿರುವಾಗ ನೆಸ್ ಮಾಡಿದ್ದೇನು? ಇಲ್ಲಿ ಮೊಮ್ಮಗಳಿಗೆ ನೀವು ಹೇಳಬಹುದಾದ ಉತ್ತರವಿದೆ.

ಪಾನನಿಷೇಧ ಕಾಯ್ದೆ ಜಾರಿಯಾದದ್ದು 1920ರ ಜನವರಿ 17ರಂದು, ಕೊನೆಗೊಂಡದ್ದು 1933ರ ಡಿಸೆಂಬರ್ 5ರಂದು. ಅದು ತಡೆದದ್ದು ಮದ್ಯದ ತಯಾರಿಕೆ, ಮಾರಾಟ, ಸಾಗಣೆಯನ್ನು, ಕುಡಿಯುವುದನ್ನಲ್ಲ. ಗಿರಾಕಿ ನಿರಪರಾಧಿ, ಅಂಗಡಿಯವನು ಅಪರಾಧಿ. ಬೇಡಿಕೆ ಹಾಗೆಯೇ ಉಳಿದು ಪೂರೈಕೆ ಮಾತ್ರ ಕಳ್ಳರ ಕೈಗೆ ಹೋಯಿತು. ಆ ಹಣದಿಂದ ಪೊಲೀಸರು, ರಾಜಕಾರಣಿಗಳು, ಪಾನನಿಷೇಧ ಅಧಿಕಾರಿಗಳು ಎಲ್ಲರೂ ಖರೀದಿಯಾದರು. ನೆಸ್ ಅವರ ಸಂಬಳ ವರ್ಷಕ್ಕೆ 3,000 ಡಾಲರಿಗೂ ಕಡಿಮೆ. ತನಗೆ ಬಂದ ಲಂಚದ ಆಮಿಷ ವಾರಕ್ಕೆ 2,000 ಡಾಲರ್ ಎಂದು ಅವರು ಹೇಳುತ್ತಾರೆ. ಅಂಥ ಇಲಾಖೆಯಲ್ಲಿ ಕೈ ಚಾಚದ ಹತ್ತು ಮಂದಿಯನ್ನು ಹುಡುಕುವುದೇ ಒಂದು ಸಾಧನೆ. ಸರ್ಕಾರಿ ವಕೀಲ ಜಾರ್ಜ್ ಜಾನ್ಸನ್ ಅವರ ಮೇಲ್ವಿಚಾರಣೆಯಲ್ಲಿ 1930ರ ಕೊನೆಯ ವೇಳೆಗೆ ಈ ಪುಟ್ಟ ತಂಡ ಕೆಲಸಕ್ಕಿಳಿದಾಗ ನೆಸ್‌ಗೆ ವಯಸ್ಸು 27.

ಅವರು ಬಿಯರ್ ತಯಾರಿಕೆಯನ್ನೇ ಗುರಿಯಾಗಿಸಿದ್ದು ಜಾಣತನ. ವಿಸ್ಕಿಯನ್ನು ಬಚ್ಚಲಮನೆಯಲ್ಲಿ ಕೂಡ ಬಚ್ಚಿಡಬಹುದು. ಬಿಯರ್‌ಗೆ ದೊಡ್ಡ ಕಟ್ಟಡ ಬೇಕು, ಹಂಡೆಗಳು ಬೇಕು, ಪೀಪಾಯಿಗಳು ಬೇಕು, ಲಾರಿಗಳು ಬೇಕು. ಮೇಲಾಗಿ ಪೀಪಾಯಿ ಮರಳಿ ತುಂಬಲು ವಾಪಸು ಹೋಗಲೇಬೇಕು. ನೆಸ್ ತಂಡ ಮದ್ಯದಂಗಡಿಗಳಿಂದ ಹೊರಟ ಖಾಲಿ ಪೀಪಾಯಿಗಳ ಜಾಡು ಹಿಡಿದು ತೊಳೆಯುವ ಜಾಗಕ್ಕೆ, ಅಲ್ಲಿಂದ ತಯಾರಿಕಾ ಘಟಕಕ್ಕೆ ತಲುಪಿತು. ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು, ಮೂತಿಗೆ ಉಕ್ಕಿನ ದಿಮ್ಮಿ ಕಟ್ಟಿದ ಲಾರಿ ಬಾಗಿಲು ಮುರಿಯುವ ದೃಶ್ಯಕ್ಕಿಂತಲೂ. ತನಿಖೆ ಎಂದರೆ ಬಹುಪಾಲು ಖಾಲಿ ಪೀಪಾಯಿಯ ಹಿಂದೆ ಹೋಗುವುದೇ.

ಸಿಸೆರೊದಲ್ಲಿ ಕಪೋನ್ ಸಹೋದರ ರಾಲ್ಫ್‌ನ ಅಡ್ಡೆಯ ದೂರವಾಣಿಯನ್ನು ಕದ್ದಾಲಿಸಿದ್ದೂ ಪುಸ್ತಕದಲ್ಲಿದೆ. ಮೊಮ್ಮಗಳು ಇದು ಕಾನೂನುಬಾಹಿರವಲ್ಲವೇ ಎಂದು ಕೇಳಬಹುದು. 1928ರಲ್ಲಿ ಸಿಯಾಟಲ್‌ನ ಓಮ್‌ಸ್ಟೆಡ್ ಎಂಬ ಮದ್ಯ ಸಾಗಣೆದಾರನ ಪ್ರಕರಣದಲ್ಲಿ, ಮನೆಯೊಳಗೆ ಕಾಲಿಡದೆ ಹೊರಗಿನ ತಂತಿಗೆ ಕಿವಿಗೊಟ್ಟರೆ ಸಂವಿಧಾನದ ಉಲ್ಲಂಘನೆಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತ್ತು. ನೆಸ್ ಕೇಳಿಸಿಕೊಂಡದ್ದು ಆ ತೀರ್ಪಿನ ನೆರಳಿನಲ್ಲಿ.

ದಾಳಿಗಳ ಫಲ ಜೈಲಲ್ಲ, ಖರ್ಚು. ಹಂಡೆ ಹೋಯಿತು, ಲಾರಿ ಹೋಯಿತು, ಹೊಸದಕ್ಕೆ ಹಣ ಬೇಕು, ವಕೀಲರಿಗೆ ಹಣ ಬೇಕು. ತೆರಿಗೆಯವರು ಕಪೋನ್‌ನ ಹಳೆಯ ಆದಾಯವನ್ನು ಲೆಕ್ಕ ಹಾಕುತ್ತಿದ್ದಾಗ ನೆಸ್ ಅವನ ಇಂದಿನ ಆದಾಯವನ್ನು ಬತ್ತಿಸುತ್ತಿದ್ದರು. ಎರಡೂ ಜಾನ್ಸನ್ ಅವರ ಮೇಜಿನ ಮೇಲೆ ಕೂಡುತ್ತಿದ್ದ ಕೆಲಸಗಳು. ತೆರಿಗೆ ಮೊಕದ್ದಮೆ ಬಿದ್ದುಹೋಗಿದ್ದರೆ ಎರಡನೆಯದು ಸಿದ್ಧವಾಗಿ ಕಾದಿತ್ತು ಎಂಬುದನ್ನೂ ಮರೆಯಬಾರದು. ಐದೇ ಆರೋಪ ಸಾಬೀತಾದದ್ದನ್ನು ನೋಡಿದರೆ, ಬೀಳುವ ಸಾಧ್ಯತೆಯೇನೂ ಕಡಿಮೆಯಿರಲಿಲ್ಲ.

ಇನ್ನು ಪುಸ್ತಕ ಬರೆದವರಾರು? ಮುಖಪುಟದಲ್ಲಿ ಎರಡು ಹೆಸರುಗಳಿವೆ: ನೆಸ್, ಮತ್ತು ಆಸ್ಕರ್ ಫ್ರೇಲಿ ಎಂಬ ಕ್ರೀಡಾ ವರದಿಗಾರ. ಮರೆಮಾಚಿದ್ದೇನೂ ಇಲ್ಲ. ನೆಸ್ ಕೊಟ್ಟದ್ದು ಇಪ್ಪತ್ತು ಪುಟಗಳ ಆಸುಪಾಸಿನ ಟಿಪ್ಪಣಿ, ನೆನಪುಗಳು, ಮತ್ತು ಪತ್ರಿಕಾ ತುಣುಕುಗಳನ್ನು ಅಂಟಿಸಿದ ಪುಸ್ತಕಗಳು. ಅದನ್ನು ಕತೆಯಾಗಿ ಹಿಗ್ಗಿಸಿದ್ದು ಫ್ರೇಲಿ. ಮಾತುಕತೆಗಳು, ನಡುರಾತ್ರಿಯ ಯೋಚನೆಗಳು, ಅಧ್ಯಾಯದ ಕೊನೆಯ ಏಟುಗಳು ಅವರ ಕೈಚಳಕ ಎಂದು ನೀವು ಧೈರ್ಯವಾಗಿ ತಿಳಿಯಬಹುದು. 1957ರ ಮೇ 16ರಂದು ನೆಸ್ ಹೃದಯಾಘಾತದಿಂದ ತೀರಿಕೊಂಡರು, ಪುಸ್ತಕ ಹೊರಬಂದದ್ದು ಅದೇ ವರ್ಷ, ಅವರು ಹೋದ ಮೇಲೆ. ಅದು ಓದುಗರ ಕೈಗೆ ಬಂದ ಮೇಲೆ ಯಾವ ಪ್ರಶ್ನೆಗೂ ಅವರು ಉತ್ತರಿಸಲಾಗಲಿಲ್ಲ.

ಇಲ್ಲಿ ಒಂದು ಬಲೆಯಿದೆ, ಅನುವಾದಕರಾದ ನೀವು ಗಮನಿಸಬೇಕು. ಪುಸ್ತಕದ ಘಟನೆಯೊಂದು 1931ರ ಪತ್ರಿಕೆಯಲ್ಲಿಯೂ ಇದ್ದರೆ, ಎರಡು ಕಡೆ ಹೊಂದಾಣಿಕೆಯಾಯಿತು, ಆದ್ದರಿಂದ ನಿಜ ಎಂದು ಅನಿಸುತ್ತದೆ. ಆದರೆ ಪತ್ರಿಕೆಯವರನ್ನು ಕರೆದು ಹೇಳಿದವರೂ ನೆಸ್, ಆ ತುಣುಕನ್ನು ಕತ್ತರಿಸಿಟ್ಟವರೂ ನೆಸ್, ಫ್ರೇಲಿಗೆ ಕೊಟ್ಟವರೂ ನೆಸ್. ತಂಡದ ಇಬ್ಬರ ಕಾರಿನೊಳಗೆ ನೋಟಿನ ಕಟ್ಟು ಎಸೆದಾಗ ಅವರು ಅದನ್ನು ತಿರುಗಿ ಎಸೆದ ಪ್ರಸಂಗ ಹೀಗೆಯೇ ಪ್ರಸಿದ್ಧವಾಯಿತು. ತಂಡಕ್ಕೆ ‘ಅನ್‌ಟಚಬಲ್ಸ್’, ಅಂದರೆ ಲಂಚ ಮುಟ್ಟದವರು, ಎಂಬ ಹೆಸರು ಕೊಟ್ಟದ್ದೂ ಪತ್ರಿಕೆಗಳೇ. ಒಬ್ಬನೇ ವ್ಯಾಪಾರಿ ಬರೆದ ಎರಡು ಪುಸ್ತಕಗಳು ತಾಳೆಯಾದರೆ ನಾವು ಅದನ್ನು ಪುರಾವೆ ಎನ್ನುವುದಿಲ್ಲ. ಮಾಲು ಕೊಂಡವನ ಪುಸ್ತಕವನ್ನು ತರಿಸುತ್ತೇವೆ. ನೆಸ್ ವಿಷಯದಲ್ಲಿ ಆ ಎರಡನೆಯ ಪುಸ್ತಕ ಎಂದರೆ ನ್ಯಾಯಾಲಯದ ಕಾಗದ ಮತ್ತು ಇಲಾಖೆಯ ವರದಿ. ದಾಳಿಗಳು, ಕದ್ದಾಲಿಕೆ, ಜೂನ್ 12ರ ದೋಷಾರೋಪ ಇವು ಅಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ವಶಪಡಿಸಿಕೊಂಡ ಲಾರಿಗಳನ್ನು ಕಪೋನ್ ತಂಗಿದ್ದ ಲೆಕ್ಸಿಂಗ್ಟನ್ ಹೋಟೆಲಿನ ಮುಂದೆ ಮೆರವಣಿಗೆ ಮಾಡಿಸಿ, ಕಿಟಕಿಯಿಂದ ನೋಡು ಎಂದು ಅವನಿಗೇ ಫೋನ್ ಮಾಡಿದ ದೃಶ್ಯವನ್ನು “ನೆಸ್ ಹೇಳುವಂತೆ” ಎಂಬ ಎರಡು ಪದಗಳ ಕೆಳಗೆ ಇಡುವುದು ಕ್ಷೇಮ.

ತೆರಿಗೆಯವರೂ ಸಂತರಲ್ಲ ಎಂದು ಸೇರಿಸಲೇಬೇಕು. ಐರಿ, ವಿಲ್ಸನ್ ಇಬ್ಬರೂ ಮುಂದೆ ನೆನಪುಗಳನ್ನು ಪ್ರಕಟಿಸಿದರು. ಆ ನೆನಪುಗಳಲ್ಲಿ ಅವರದೇ ದರ್ಬಾರು.

ಪುಸ್ತಕಕ್ಕೆ ಇಲ್ಲದ ಪಾಪಗಳೂ ಅಂಟಿವೆ. 1959ರಿಂದ 1963ರವರೆಗೆ ನಡೆದ ದೂರದರ್ಶನ ಧಾರಾವಾಹಿ, ನೆಸ್ ಎಂದೂ ಎದುರಿಸದ ಪಾತಕಿಗಳನ್ನೆಲ್ಲ ಅವರ ಖಾತೆಗೆ ಬರೆಯಿತು. 1987ರ ಚಲನಚಿತ್ರದಲ್ಲಿ ಅವರು ಕಪೋನ್‌ನ ಬಲಗೈ ಬಂಟ ಫ್ರ್ಯಾಂಕ್ ನಿಟ್ಟಿಯನ್ನು ಮಹಡಿಯಿಂದ ಕೆಳಕ್ಕೆ ದೂಡುತ್ತಾರೆ. ನಿಜವಾದ ನಿಟ್ಟಿ ತೆರಿಗೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿ ಹೊರಬಂದು, 1943ರಲ್ಲಿ ತಾನೇ ಗುಂಡು ಹಾರಿಸಿಕೊಂಡ. “ಎಲ್ಲ ಕಟ್ಟುಕತೆ” ಎನ್ನುವವರಲ್ಲಿ ಹೆಚ್ಚಿನವರು ಬೈಯುತ್ತಿರುವುದು ಈ ತೆರೆಯ ನೆಸ್‌ನನ್ನು.

ಕುಡಿತದ ಮಾತು ನಿಜ. 1935ರ ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಸುರಕ್ಷತಾ ನಿರ್ದೇಶಕರಾದ ನೆಸ್ ಅಲ್ಲಿನ ಪೊಲೀಸ್ ವ್ಯವಸ್ಥೆಯನ್ನು ತಿದ್ದಿದರು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಅದು, ಷಿಕಾಗೊದ್ದಲ್ಲ. 1942ರಲ್ಲಿ ಕುಡಿದು ಕಾರು ಅಪಘಾತ ಮಾಡಿಕೊಂಡರು, ಸ್ವಲ್ಪ ಕಾಲದಲ್ಲಿಯೇ ಹುದ್ದೆ ಬಿಟ್ಟರು. 1947ರಲ್ಲಿ ಮೇಯರ್ ಚುನಾವಣೆಗೆ ನಿಂತು ದೊಡ್ಡ ಅಂತರದಿಂದ ಸೋತರು. ಕೊನೆಯ ದಿನಗಳು ಪೆನ್ಸಿಲ್ವೇನಿಯಾದ ಕೌಡರ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ, ಹಣದ ಅಡಚಣೆಯಲ್ಲಿ ಕಳೆದವು. ಪಾನನಿಷೇಧ ರದ್ದಾದ ಮೇಲೆ ಕುಡಿದದ್ದು ಯಾವ ಕಾನೂನಿನ ಭಂಗವೂ ಅಲ್ಲ. ಸಾಕ್ಷಿಯಾಗಿ ಅವರನ್ನು ದುರ್ಬಲಗೊಳಿಸುವುದು ಬಾಟಲಿಯಲ್ಲ; ಘಟನೆಗೂ ಹೇಳಿಕೆಗೂ ನಡುವಿನ ಕಾಲು ಶತಮಾನ, ಮತ್ತು ಆ ಪುಸ್ತಕ ಮಾರಾಟವಾಗಲೇಬೇಕಾಗಿದ್ದ ಪರಿಸ್ಥಿತಿ.

ಈಗ ನಿಮ್ಮ ಮುಂದಿನ ದಾರಿ. ಇದ್ದಂತೆ ಅನುವಾದಿಸಿ ಸುಮ್ಮನಾಗಬಹುದು. ಓದುವ ಸುಖ ಉಳಿಯುತ್ತದೆ, ಆದರೆ ಕನ್ನಡದಲ್ಲಿ ಈ ವಿಷಯದ ಬೇರೆ ಪುಸ್ತಕ ಕೈಗೆ ಸಿಗದ ಓದುಗ ಕಪೋನ್‌ನನ್ನು ಹಿಡಿದದ್ದು ನೆಸ್ ಒಬ್ಬರೇ ಎಂದು ನಂಬಿ ಏಳುತ್ತಾನೆ. ಇಂಗ್ಲಿಷ್ ಓದುಗನಿಗೆ ಪಕ್ಕದ ಕಪಾಟಿನಲ್ಲಿ ಪ್ರತಿವಾದ ಸಿಗುತ್ತದೆ, ನಮ್ಮವನಿಗೆ ಸಿಗುವುದಿಲ್ಲ. ಇನ್ನೊಂದು ತುದಿಯಲ್ಲಿ, ನ್ಯಾಯಾಲಯದ ದಾಖಲೆಗಳನ್ನು ಆಧರಿಸಿ ನಿಮ್ಮದೇ ಪುಸ್ತಕ ಬರೆಯಬಹುದು. ಅದು ವರ್ಷಗಳ ಕೆಲಸ, ಮತ್ತು ನಿಮಗೆ ಹಿಡಿಸಿದ್ದು ನೆಸ್ ಅವರ ದನಿ, ಕಡತಗಳಲ್ಲ. ಪುಟಪುಟಕ್ಕೂ ತಕರಾರಿನ ಅಡಿಟಿಪ್ಪಣಿ ಹಾಕುವುದು ಕೆಟ್ಟ ಮಧ್ಯಮಾರ್ಗ. ಓದುಗ ಎರಡನೆಯ ಅಧ್ಯಾಯದಲ್ಲಿಯೇ ಪುಸ್ತಕ ಮುಚ್ಚುತ್ತಾನೆ.

ನಾನಾದರೆ ಪಠ್ಯವನ್ನು ಮುಟ್ಟದೆ ಪೂರ್ತಿ ಅನುವಾದಿಸುತ್ತೇನೆ. ಎಷ್ಟೇ ಆಸೆಯಾದರೂ ಒಂದು ವಾಕ್ಯವನ್ನೂ ತಿದ್ದುವುದಿಲ್ಲ. ಹೇಳಿಕೆಯನ್ನು ದಾಖಲಿಸುವವನು ಅದನ್ನು ಸುಧಾರಿಸಬಾರದು. ಮುನ್ನುಡಿಯಲ್ಲಿ ಎರಡು ಮೊಕದ್ದಮೆಗಳ ಕತೆ, ಫ್ರೇಲಿ ಪಾತ್ರ, ದಿನಾಂಕಗಳ ಒಂದು ಪುಟ. ದಾಖಲೆಯೊಂದಿಗೆ ನೇರವಾಗಿ ಡಿಕ್ಕಿ ಹೊಡೆಯುವ ಕಡೆ ಮಾತ್ರ ಅಡಿಟಿಪ್ಪಣಿ. ಆ ಟಿಪ್ಪಣಿಗಳನ್ನು ಮೊಮ್ಮಗಳಿಂದಲೇ ಬರೆಸಿ. ಸಂಶಯಪಡುವವರು ಒಳ್ಳೆಯ ಟಿಪ್ಪಣಿ ಬರೆಯುತ್ತಾರೆ. ಕಪೋನ್ ಪ್ರಕರಣದ ವಿಲ್ಸನ್ ವರದಿಯನ್ನೂ ಇತರ ಕಾಗದಗಳನ್ನೂ ಅಮೆರಿಕದ ತೆರಿಗೆ ಇಲಾಖೆ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅವಳು ಅಲ್ಲಿಂದ ಆರಂಭಿಸಲಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ನಿಮ್ಮ ಸಂತೋಷಕ್ಕೆ ಅನುವಾದಿಸಿಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅಚ್ಚು ಹಾಕಿಸುವುದು, ವಾರಪತ್ರಿಕೆಗೆ ಧಾರಾವಾಹಿಯಾಗಿ ಕೊಡುವುದು ಬೇರೆ ವಿಷಯ. ನಮ್ಮ ಕಾಯ್ದೆಯಲ್ಲಿ ಇಬ್ಬರು ಸೇರಿ ಬರೆದ ಕೃತಿಯ ಹಕ್ಕುಸ್ವಾಮ್ಯವನ್ನು ಕೊನೆಗೆ ತೀರಿಕೊಂಡವರಿಂದ 60 ವರ್ಷ ಎಣಿಸುತ್ತಾರೆ. ನೆಸ್ 1957ರಲ್ಲಿ ಹೋದರು ಎಂದು ಲೆಕ್ಕ ಹಾಕಿ ಅವಧಿ ಮುಗಿಯಿತು ಎಂದುಕೊಳ್ಳಬೇಡಿ. ಫ್ರೇಲಿ ಬದುಕಿದ್ದು 1994ರವರೆಗೆ. ಅನುಮತಿ ಕೋರುವ ಪತ್ರ ಅಮೆರಿಕದ ಪ್ರಕಾಶಕರಿಗೆ ನಿಮ್ಮ ಕನ್ನಡ ಪ್ರಕಾಶಕರ ಮೂಲಕ ಹೋಗಲಿ, ಮುದ್ರಿಸುವ ಪ್ರತಿಗಳ ಸಂಖ್ಯೆ ಮತ್ತು ಅಂದಾಜು ಬೆಲೆ ಅದರಲ್ಲಿರಲಿ. ಉತ್ತರ ಬರುವವರೆಗೆ ಉಳಿದ ಅಧ್ಯಾಯಗಳನ್ನು ಮುಗಿಸಲು ನಿಮಗೆ ಸಾಕಷ್ಟು ಸಮಯ ಸಿಗುತ್ತದೆ.